ಸ್ಪ್ಲೆಂಡರಿನ ಬಾಲಕ್ಕೆ ಕತ್ತರಿ

ಸ್ಕ್ರೂಡ್ರೈವರ್ ಸಲೀಸಾಗಿ ಒಳಗೆ ಹೋಯಿತು. ಹೋಗಬಾರದಿತ್ತು. ಹಿಂದಿನ ಮಡ್‌ಗಾರ್ಡು ಬಿಚ್ಚಿ, ಅದಕ್ಕೂ ಫ್ರೇಮಿಗೂ ನಡುವೆ ಇಪ್ಪತ್ತು ಮಳೆಗಾಲಗಳಿಂದ ಕೂತು ಕಲ್ಲಾಗಿದ್ದ ಕೆಮ್ಮಣ್ಣನ್ನು ಕೆರೆಯುತ್ತಿದ್ದೆ. ಸೀಟಿನ ಕೆಳಗೆ ಎಡಗಡೆಯ ಕೊಳವೆಯ ತಳದಲ್ಲಿ ಬಣ್ಣ ಗುಳ್ಳೆ ಎದ್ದಿತ್ತು. ಗುಳ್ಳೆ ಒಡೆಯೋಣವೆಂದು ತುದಿಯಿಂದ ಒತ್ತಿದರೆ ಹಪ್ಪಳ ಮುರಿದಂತೆ ಸದ್ದಾಯಿತು, ಕಬ್ಬಿಣವೇ ಮುರಿಯಿತು, ಒಳಗಿನಿಂದ ಒಂದು ಚಮಚದಷ್ಟು ತುಕ್ಕಿನ ಪುಡಿ ಅಂಗಳಕ್ಕೆ ಸುರಿಯಿತು.

ಗಾಡಿ 2005ರ ಹೀರೋ ಹೋಂಡಾ ಸ್ಪ್ಲೆಂಡರ್ ಪ್ಲಸ್. 97.2 ಸಿಸಿ, ಕಿಕ್ ಮಾತ್ರ, ಹಿಂದೆ ಎರಡು ಷಾಕ್ ಅಬ್ಸಾರ್ಬರ್. ಊರು ತೀರ್ಥಹಳ್ಳಿಯ ಪಕ್ಕ. ನನ್ನ ಕಸುಬು ಅಡಿಕೆ ಸುಲಿಯುವ ಯಂತ್ರಗಳ ರಿಪೇರಿ. ಮಳೆಗಾಲವೆನ್ನದೆ ಆಗುಂಬೆಯ ಕಡೆಯ ತೋಟಗಳಿಗೆ ಇದೇ ಗಾಡಿಯಲ್ಲಿ ಓಡಾಟ. ವರ್ಷಕ್ಕೆ ಏಳು ಸಾವಿರ ಮಿಲಿಮೀಟರಿನ ಆಸುಪಾಸು ಮಳೆ ಬೀಳುವ ಊರಿನ ದಾರಿಯಲ್ಲಿ ಓಡಿದ ಗಾಡಿಯ ಹಿಂಬದಿ ತುಕ್ಕು ಹಿಡಿದರೆ ಕಂಪನಿಯನ್ನು ಬಯ್ಯುವುದರಲ್ಲಿ ಅರ್ಥವಿಲ್ಲ. ಆ ಮಣ್ಣನ್ನು ವರ್ಷಕ್ಕೊಮ್ಮೆ ತೊಳೆಯದೆ ಬಿಟ್ಟವನು ನಾನೇ.

ಹೇಗೂ ಕೊಳೆತ ತುಂಡನ್ನು ಕತ್ತರಿಸಿ ಹೊಸದನ್ನು ಬೆಸೆಯಲೇಬೇಕು. ಬೆಸೆಯುವುದಾದರೆ ಹಳೆಯ ಆಕಾರದಲ್ಲೇ ಏಕೆ ಬೆಸೆಯಬೇಕು ಎಂಬ ಆಸೆ ಹುಟ್ಟಿದ್ದು ಆಗಲೇ. ಸ್ಪ್ಲೆಂಡರಿನ ಮುಂಭಾಗ ನನಗೆ ಇಷ್ಟ. ಟ್ಯಾಂಕು ಉದ್ದ, ಎಂಜಿನ್ ಮುಂದಕ್ಕೆ ಒರಗಿದೆ, ತೂಕವೆಲ್ಲ ಕೆಳಗಿದೆ. ಸೀಟಿನಿಂದ ಹಿಂದೆ ಮಾತ್ರ ಮದುವೆ ಮನೆಯಿಂದ ಹೊರಟ ಬಸ್ಸಿನ ಟಾಪಿನ ಹಾಗೆ ಒಂದರ ಮೇಲೊಂದು ಹೇರಿದ್ದಾರೆ: ದಪ್ಪ ಸೀಟು, ಅದರ ಸುತ್ತ ಹಿಡಿಕೆ, ಪ್ಲಾಸ್ಟಿಕ್ಕಿನ ಮುಚ್ಚಳ, ಇಷ್ಟಗಲದ ಟೇಲ್ ಲ್ಯಾಂಪು, ಅದರ ಕೆಳಗೆ ನೇತಾಡುವ ಮಡ್‌ಗಾರ್ಡು.

ಮೊದಲು ಕಾಗದ, ಆಮೇಲೆ ಗರಗಸ

ಗಾಡಿಯನ್ನು ಸೆಂಟರ್ ಸ್ಟ್ಯಾಂಡಿಗೆ ಹಾಕಿ, ಹದಿನೈದು ಅಡಿ ದೂರದಲ್ಲಿ ನಿಂತು, ಹಿಂದಿನ ಚಕ್ರದ ಅಚ್ಚಿನ ಎತ್ತರಕ್ಕೆ ಮೊಬೈಲ್ ಇಟ್ಟು ಪಕ್ಕದಿಂದ ಚಿತ್ರ ತೆಗೆದೆ. ಹತ್ತಿರದಿಂದ ತೆಗೆದರೆ ಚಕ್ರಗಳು ಮೊಟ್ಟೆಯಾಗುತ್ತವೆ, ಅಳತೆ ಸುಳ್ಳಾಗುತ್ತದೆ. ಎ3 ಹಾಳೆಯಲ್ಲಿ ಮುದ್ರಿಸಿ, ಮೇಲೆ ಬಟರ್ ಪೇಪರ್ ಹಾಸಿ ಗೆರೆ ಎಳೆಯಲು ಕೂತೆ. ಎರಡು ರಾತ್ರಿ ಅದರಲ್ಲೇ ಹೋಯಿತು.

ಟ್ಯಾಂಕಿನ ಕೆಳಅಂಚಿನಿಂದ ಹೊರಟ ಗೆರೆ ಸೀಟಿನ ತಳವಾಗಿ ಮುಂದುವರಿದು ಬಾಲದವರೆಗೆ ಮುರಿಯದೆ ಹೋದರೆ ಗಾಡಿ ಚೊಕ್ಕವಾಗಿ ಕಾಣುತ್ತದೆ. ಉದ್ದ ಎಷ್ಟು ಎಂಬುದು ಆಮೇಲಿನ ಮಾತು. ಇಲ್ಲಿ ಮೂಲ ಫ್ರೇಮಿನ ಕೊಳವೆ ಷಾಕಿನ ಮೇಲ್ತುದಿಯ ಹತ್ತಿರ ಒಮ್ಮೆ ಸೊಂಟ ಬಳುಕಿಸಿ ಮೇಲಕ್ಕೇರುತ್ತದೆ. ಕಣ್ಣು ಅಲ್ಲಿ ಎಡವುತ್ತದೆ. ಆ ಬಳುಕನ್ನು ನೇರ ಮಾಡಲು ಹೋದರೆ ಷಾಕ್ ಕೂರುವ ಜಾಗವನ್ನೇ ಮುಟ್ಟಬೇಕು. ಅದನ್ನು ಮುಟ್ಟುವುದಿಲ್ಲವೆಂದು ಮೊದಲೇ ತೀರ್ಮಾನಿಸಿದ್ದೆ. ಹಾಗಾಗಿ ಬಳುಕು ಇದ್ದಲ್ಲೇ ಇರಲಿ, ಸೀಟಿನ ತಳದ ತಗಡನ್ನು ಅಂಗೈ ಅಗಲ ಕೆಳಗಿಳಿಸಿ ಅದನ್ನು ಮರೆಮಾಡೋಣ ಎಂದಾಯಿತು.

ಬಾಲವನ್ನು ಚಕ್ರದ ಅಚ್ಚಿನ ನೇರಕ್ಕೇ ಕತ್ತರಿಸಿ ಬಿಡುವ ಹುಚ್ಚೊಂದಿದೆ. ಹಿಂದಿನಿಂದ ನೋಡಿದರೆ ಬರಿಯ ಟೈರು, ಪಕ್ಕದಿಂದ ನೋಡಿದರೆ ಬಾಲ ಕಳೆದುಕೊಂಡ ಹಲ್ಲಿ. ಈ ಮಾದರಿಗೆ ಮೂಲವಾದ ಕೆಫೆ ರೇಸರುಗಳು 1960ರ ದಶಕದಲ್ಲಿ ಲಂಡನ್ನಿನ ಏಸ್ ಕೆಫೆಯಂಥ ಜಾಗಗಳಿಂದ ಹೊರಟವು. ಒಬ್ಬ ಸವಾರ ರಸ್ತೆಯಲ್ಲಿ ವೇಗ ತೋರಿಸಲು ಕಟ್ಟಿಕೊಂಡ ಗಾಡಿಗಳವು. ನಮ್ಮ ಮನೆಯಲ್ಲಿ ಇರುವುದೊಂದೇ ಗಾಡಿ. ಹೆಂಡತಿ ಶಾಲೆಗೆ ಹೋಗುವುದು ಇದರ ಹಿಂದೆ ಕೂತು, ಅದೂ ಸೀರೆಯಲ್ಲಿ, ಒಂದೇ ಪಕ್ಕಕ್ಕೆ ಕಾಲು ಹಾಕಿ. ಆದ್ದರಿಂದ ಬಾಲದ ತುದಿ ಅಚ್ಚಿಗಿಂತ ಹಿಂದೆ, ಟೈರಿನ ಹಿಂಅಂಚಿಗಿಂತ ನಾಲ್ಕು ಬೆರಳು ಮುಂದೆ ನಿಂತಿತು. ಮೂಲಕ್ಕಿಂತ 110 ಮಿಲಿಮೀಟರ್ ಮಾತ್ರ ಗಿಡ್ಡ.

ಪಕ್ಕದ ಮನೆಯವರು ಬಟರ್ ಪೇಪರ್ ನೋಡಿ, ತಮ್ಮ ಯೆಜ್ದಿಗೂ ಹೀಗೆ ಮಾಡಬಹುದೇ ಎಂದರು. ಆಗುವುದಿಲ್ಲವೆಂದೆ. ಯೆಜ್ದಿ ತಯಾರಾಗುತ್ತಿದ್ದ ಮೈಸೂರಿನ ಕಾರ್ಖಾನೆ 1996ರಲ್ಲಿ ಬಾಗಿಲು ಹಾಕಿತು. ಅಲ್ಲಿಂದ ಬಂದ ಫ್ರೇಮುಗಳಲ್ಲಿ ಉಳಿದಿರುವಷ್ಟನ್ನು ಹಾಗೇ ಉಳಿಸಿಕೊಳ್ಳಬೇಕು. ಸ್ಪ್ಲೆಂಡರ್ ಊರಿಗೆ ನೂರಿದೆ, ಒಂದು ಕೆಟ್ಟರೆ ಯಾರೂ ಅಳುವುದಿಲ್ಲ.

ಕಾನೂನಿನ ಮಾತನ್ನೂ ಇಲ್ಲೇ ಆಡಿಬಿಡುತ್ತೇನೆ. ನೋಂದಣಿ ಪತ್ರದ ವಿವರಗಳು ತಯಾರಕರ ಮೂಲ ವಿವರಗಳಿಗೆ ಹೊಂದದಂತೆ ವಾಹನವನ್ನು ಬದಲಿಸುವಂತಿಲ್ಲ ಎನ್ನುತ್ತದೆ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಅದನ್ನೇ ಒತ್ತಿ ಹೇಳಿತು. ಅದೇ ವರ್ಷದ ತಿದ್ದುಪಡಿ ಪ್ರತಿ ಮಾರ್ಪಾಡಿಗೆ 5,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗೆ ಸೆರೆ, ಇಲ್ಲವೆ ಎರಡೂ ಎಂದಿತು. ಹಿಂದೆ ಒಬ್ಬರು ಕೂರುವ ಗಾಡಿಗೆ ಹಿಡಿಕೆ, ಕಾಲಿಡುವ ಜಾಗ, ಹಿಂದಿನ ಚಕ್ರದ ಅರ್ಧಕ್ಕೆ ಕಡಿಮೆಯಿಲ್ಲದಂತೆ ಮುಚ್ಚುವ ರಕ್ಷಣೆ ಇರಲೇಬೇಕೆಂಬುದು ಕೇಂದ್ರ ಮೋಟಾರು ವಾಹನ ನಿಯಮಗಳ 123ನೇ ನಿಯಮ. ನಾವು ಸೀರೆ ಗಾರ್ಡ್ ಎನ್ನುವುದು ಅದನ್ನೇ. ಇದನ್ನೆಲ್ಲ ಓದಿದ ಮೇಲೆ ನನ್ನ ಎಲ್ಲೆಗಳನ್ನು ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಬರೆದೆ. ಚಾಸಿಸ್ ನಂಬರಿನ ಹತ್ತಿರ ಹೋಗುವುದಿಲ್ಲ. ಷಾಕಿನ ಮೇಲ್ತುದಿಗಿಂತ ಮುಂದೆ ಗರಗಸ ಇಡುವುದಿಲ್ಲ. ಸೀಟು ಇಬ್ಬರದ್ದೇ, ಹಿಡಿಕೆ ಮತ್ತು ಸೀರೆ ಗಾರ್ಡ್ ಇರಲೇಬೇಕು. ಇಷ್ಟಾದರೂ ಇದು ಮಾರ್ಪಾಡೇ ಎಂದು ಅಧಿಕಾರಿ ಹೇಳಿದರೆ ಎದುರು ಮಾತಾಡಲು ನನ್ನಲ್ಲಿ ಪತ್ರವಿಲ್ಲ. ವಿಮೆಯವರೂ ತಕರಾರು ತೆಗೆಯಬಹುದು. ಹದಿನೈದು ವರ್ಷ ದಾಟಿದ ಗಾಡಿಯಾದ್ದರಿಂದ ಐದೈದು ವರ್ಷಕ್ಕೊಮ್ಮೆ ತಪಾಸಣೆಗೆ ಒಡ್ಡಿ ನೋಂದಣಿ ನವೀಕರಿಸಿಕೊಳ್ಳಬೇಕು ಎಂಬುದೂ ತಲೆಯಲ್ಲಿತ್ತು.

ಕತ್ತರಿಸುವ ಮುನ್ನ ಅಳೆದದ್ದು

ಟ್ಯಾಂಕು ತೆಗೆದು ಮನೆಯ ಇನ್ನೊಂದು ಮೂಲೆಯಲ್ಲಿಟ್ಟೆ. ಪೆಟ್ರೋಲು ಖಾಲಿ ಮಾಡಿದರೆ ಸಾಕೆಂದುಕೊಳ್ಳಬೇಡಿ, ಖಾಲಿ ಟ್ಯಾಂಕಿನ ಆವಿಯೇ ಹೆಚ್ಚು ಅಪಾಯ. ಬ್ಯಾಟರಿ, ಎಂಜಿನ್ನಿಗೆ ಕಿಡಿ ಕೊಡುವ ಸಿಡಿಐ ಪೆಟ್ಟಿಗೆ, ರೆಗ್ಯುಲೇಟರ್ ಎಲ್ಲದರ ಕನೆಕ್ಟರ್ ಬಿಡಿಸಿದೆ.

ಆಮೇಲೆ ಹಿಂದಿನ ಚಕ್ರವನ್ನು ಹಿಡಿದು ಮೇಲೆ ಕೆಳಗೆ ಆಡುವ ಸ್ವಿಂಗ್ ಆರ್ಮಿನ ಬೋಲ್ಟಿನ ನಡುಬಿಂದುವಿನಿಂದ ಎರಡೂ ಕೊಳವೆಗಳ ತುದಿಗೆ ಇರುವ ದೂರ, ಎಡತುದಿಯಿಂದ ಬಲತುದಿಗೆ ಇರುವ ದೂರ, ಎಡ ಷಾಕಿನ ಮೇಲ್ತುದಿಯಿಂದ ಬಲಗಡೆಯ ಬಾಲಕ್ಕೆ ಓರೆಯಾಗಿ, ಬಲದಿಂದ ಎಡಕ್ಕೆ ಮತ್ತೆ ಓರೆಯಾಗಿ, ಎಲ್ಲವನ್ನೂ ಬರೆದುಕೊಂಡೆ. ಎರಡು ಓರೆ ಅಳತೆಗಳ ನಡುವೆ ನಾಲ್ಕು ಮಿಲಿಮೀಟರ್ ವ್ಯತ್ಯಾಸವಿತ್ತು. ಅಂದರೆ ಗಾಡಿ ಯಾವಾಗಲೋ ಎಡಗಡೆಗೆ ಬಿದ್ದು ಬಾಲ ಸೊಟ್ಟಗಾಗಿತ್ತು, ನಾವು ಗಮನಿಸಿರಲಿಲ್ಲ. ಸೊಟ್ಟ ಇದ್ದ ಅಳತೆಯನ್ನೇ ನಂಬಿ ಹೊಸ ಬಾಲ ಕೂರಿಸಿದ್ದರೆ ಅದೂ ಸೊಟ್ಟಗೇ ಕೂರುತ್ತಿತ್ತು. ಅದಕ್ಕೆ ಸ್ಟೀರಿಂಗ್ ಹೆಡ್ಡಿನ ನಡುವಿನಿಂದ ಹಿಂದಿನವರೆಗೆ ಗಾರೆಯವರ ನೂಲು ಕಟ್ಟಿ, ತೂಗುಗುಂಡು ಇಳಿಬಿಟ್ಟು, ನಡುಗೆರೆಯನ್ನು ನೆಲದ ಮೇಲೆ ಬರೆದುಕೊಂಡೆ. ಮುಂದಿನ ಎಲ್ಲ ಅಳತೆಯೂ ಆ ಗೆರೆಯಿಂದ.

ಒಂದೂವರೆ ಇಂಚಿನ ಆಂಗ್ಲಿನಲ್ಲಿ ಒಂದು ಜಿಗ್ಗು ಕಟ್ಟಿದೆ. ಎರಡು ಷಾಕ್ ಬೋಲ್ಟುಗಳಿಗೂ ಸೀಟಿನ ಮುಂದಿನ ಕೊಂಡಿಗೂ ಅದನ್ನು ಬಿಗಿದರೆ, ಹಿಂದೆ ಏನು ಕತ್ತರಿಸಿದರೂ ಮುಂದಿನದು ಅಲುಗದು. ಜಿಗ್ಗಿಗೆ ಅರ್ಧ ದಿನ ಹಿಡಿಯಿತು, ಕತ್ತರಿಸಲು ಹತ್ತು ನಿಮಿಷ.

ಗ್ರೈಂಡರಿನಿಂದ ಅಂದಾಜಿಗೆ ತುಂಡರಿಸಿ, ಗರಗಸ ಮತ್ತು ಅರದಿಂದ ಗೆರೆಗೆ ತಂದೆ. ಬಲಗಡೆಯ ಕೊಳವೆ ಒಳಗಿನಿಂದ ಹೊಳೆಯುತ್ತಿತ್ತು. ಎಡಗಡೆಯದು ಜೇನುಗೂಡು. ಅಂದುಕೊಂಡಿದ್ದ ಜಾಗದಲ್ಲಿ ಗೋಡೆಯ ದಪ್ಪ ಒಂದು ಮಿಲಿಮೀಟರಿಗೂ ಕಡಿಮೆ. ಸಣ್ಣ ಸುತ್ತಿಗೆಯಿಂದ ತಟ್ಟುತ್ತ ಮುಂದೆ ಹೋದೆ. ಸದ್ದು ಮಂಕಾಗಿದ್ದಲ್ಲಿ ತುಕ್ಕು, ಕಣಕಣ ಎಂದಲ್ಲಿ ಕಬ್ಬಿಣ. ಕಣಕಣ ಸಿಕ್ಕಿದ್ದು ಷಾಕಿನ ಕೊಂಡಿಗಿಂತ 60 ಮಿಲಿಮೀಟರ್ ಹಿಂದೆ. ಇನ್ನು ಮೂರು ಬೆರಳು ಮುಂದಕ್ಕೆ ಹೋಗಿದ್ದರೆ ಕೆಲಸ ನಿಲ್ಲಿಸಿ ಗಾಡಿಯನ್ನು ಗುಜರಿಗೆ ಹಾಕಬೇಕಿತ್ತು, ಏಕೆಂದರೆ ಎರಡು ಷಾಕಿನ ಗಾಡಿಯಲ್ಲಿ ರಸ್ತೆಯ ಪೆಟ್ಟೆಲ್ಲ ಫ್ರೇಮಿಗೆ ಬಂದು ಬೀಳುವುದು ಆ ಕೊಂಡಿಯಲ್ಲೇ. ಅದರ ಹಿಂದಿನ ಬಾಲ ಹೊರುವುದು ಸೀಟು, ಹಿಂದೆ ಕೂತವರು, ಮಡ್‌ಗಾರ್ಡು, ಇಷ್ಟನ್ನೇ.

ಮುಕ್ಕಾಲು ಇಂಚು ಎಂಬ ಗೊಂದಲ

ವರ್ನಿಯರ್ ನನ್ನ ಕೊಳವೆಗೆ 25.4 ಮಿಲಿಮೀಟರ್ ತೋರಿಸಿತು, ಬಣ್ಣ ಕೆರೆದ ಮೇಲೆ. ನಿಮ್ಮ ಗಾಡಿಯ ವರ್ಷ ಬೇರೆಯಾದರೆ ನೀವೇ ಅಳೆದುಕೊಳ್ಳಿ. ತೀರ್ಥಹಳ್ಳಿಯ ಹಾರ್ಡ್‌ವೇರ್ ಅಂಗಡಿಯಲ್ಲಿ ಒಂದಿಂಚಿನ ಪೈಪು ಕೇಳಿದರೆ ಕೊಟ್ಟದ್ದು 33 ಮಿಲಿಮೀಟರಿನದು. ತಪ್ಪು ಅಂಗಡಿಯದಲ್ಲ. ನೀರಿನ ಪೈಪಿನ ಇಂಚು ಒಳಗಾತ್ರದ ಹೆಸರು ಮಾತ್ರ. ಅರ್ಧ ಇಂಚಿನದು ಹೊರಗೆ 21.3 ಮಿಲಿಮೀಟರ್, ಮುಕ್ಕಾಲು ಇಂಚಿನದು ಸುಮಾರು 27. ವಾಹನಕ್ಕೆ ಬೇಕಾದ ಟ್ಯೂಬನ್ನು ಹೊರಗಾತ್ರ ಮತ್ತು ಗೋಡೆಯ ದಪ್ಪ ಹೇಳಿ ಕೇಳಬೇಕು. ಅದಕ್ಕೆ ಐಎಸ್ 3074 ಎಂಬ ಪ್ರತ್ಯೇಕ ಭಾರತೀಯ ಮಾನಕವೇ ಇದೆ. ಜಿಐ ಪೈಪು ಅಂತೂ ಬೇಡವೇ ಬೇಡ. ಅದರ ಸತುವಿನ ಲೇಪ ಬೆಸುಗೆಯಲ್ಲಿ ಗುಳ್ಳೆ ಎಬ್ಬಿಸುತ್ತದೆ, ಹೊಗೆ ಕುಡಿದವನಿಗೆ ರಾತ್ರಿ ಜ್ವರ ಬರಿಸುತ್ತದೆ.

ಶಿವಮೊಗ್ಗಕ್ಕೆ ಹೋಗಿ 25.4 ಹೊರಗಾತ್ರ, 2 ಮಿಲಿಮೀಟರ್ ಗೋಡೆಯ ಟ್ಯೂಬು ತಂದೆ. 1.6ರದು ಹಗುರ, ಬಾಗಿಸಲು ಸುಲಭ ಎಂದು ಅಂಗಡಿಯವರು ಹೇಳಿದರು. ಆದರೆ ಬಸ್ಸಿನಲ್ಲಿ ಕೂತು ಟಿಕೆಟ್ಟಿನ ಹಿಂದೆ ಲೆಕ್ಕ ಹಾಕಿದ್ದೆ. ಹಿಂದೆ ಕೂತವರ ತೂಕ 65 ಕಿಲೋ, ಗುಂಡಿಗೆ ಬಿದ್ದಾಗ ಅದು ಮೂರು ಪಟ್ಟೆಂದು ಹಿಡಿದರೆ 195. ಷಾಕಿನ ಕೊಂಡಿಯಿಂದ 20 ಸೆಂಟಿಮೀಟರ್ ಹಿಂದೆ ಆ ಭಾರ. ಎರಡು ಕೊಳವೆಗೆ ಹಂಚಿದರೆ ಒಂದೊಂದರ ಪಾಲಿಗೆ 1,950 ಕಿಲೋ-ಸೆಂಟಿಮೀಟರ್ ಬಾಗುಬಲ. 2 ಮಿಲಿಮೀಟರ್ ಗೋಡೆಯಲ್ಲಿ ಅದು ಸುಮಾರು 240 ಮೆಗಾಪ್ಯಾಸ್ಕಲ್ ಒತ್ತಡ, 1.6ರಲ್ಲಿ ಸುಮಾರು 285. ಸಾಧಾರಣ ಮೈಲ್ಡ್ ಸ್ಟೀಲ್ ಮಣಿಯತೊಡಗುವುದೇ 250ರ ಆಸುಪಾಸಿನಲ್ಲಿ. 2 ಮಿಲಿಮೀಟರಿನದೂ ಅಂಚಿನಲ್ಲೇ ನಿಂತಿದೆ. ಅದಕ್ಕೇ ಮುಂದೆ ಒಳತೋಳು, ಅಡ್ಡಪಟ್ಟಿ ಎರಡೂ ಸೇರಿದವು.

ಬಾಗಿಸುವ ಕೆಲಸದಲ್ಲಿ ಮೊದಲ ಸೋಲು. ಕಿಟಕಿ ಸರಳು, ರೇಲಿಂಗು ಮಾಡುವ ಒಂದು ಕಡೆ ಕೈಹೈಡ್ರಾಲಿಕ್ ಬೆಂಡರ್ ಇತ್ತು. ಅದರ ಅಚ್ಚುಗಳು ನೀರಿನ ಪೈಪಿನ ಅಳತೆಯವು. 27ರ ಅಚ್ಚಿನಲ್ಲಿ 25.4ರ ಟ್ಯೂಬು ಅಳ್ಳಕವಾಗಿ ಕೂತಿತು. ಒತ್ತಿದೊಡನೆ ಬದಿಗಳಿಗೆ ಆಸರೆಯಿಲ್ಲದೆ ಒಳಬದಿ ಮಡಚಿಕೊಂಡು ಬಾಳೆದಿಂಡು ಮುರಿದಂತಾಯಿತು. "ಪುಟ್ಟಿ ಹಾಕಿದರೆ ಗೊತ್ತಾಗುವುದಿಲ್ಲ" ಎಂದು ಅಲ್ಲಿನವರು ಸಮಾಧಾನ ಹೇಳಿದರು. ಪುಟ್ಟಿ ಹಾಕಿ ಮುಚ್ಚಿದ ಮಡಿಕೆಯ ಮೇಲೆ ನನ್ನ ಹೆಂಡತಿಯನ್ನು ಕೂರಿಸುವುದಿಲ್ಲ ಎಂದು ಎದ್ದು ಬಂದೆ.

ಎರಡನೆಯ ಸಲ ಹಳೆಯ ಉಪಾಯ. ತುಂಗೆಯ ಮರಳನ್ನು ಜರಡಿ ಹಿಡಿದು, ಹಂಚಿನ ಮೇಲೆ ಹುರಿದು, ಟ್ಯೂಬಿನೊಳಗೆ ತಟ್ಟಿ ತಟ್ಟಿ ತುಂಬಿ, ಎರಡೂ ಬಾಯಿಗೆ ಮರದ ಬೆಣೆ ಹೊಡೆದೆ. ಮರಳು ಹುರಿಯದಿದ್ದರೆ ಕಾಯಿಸಿದಾಗ ತೇವ ಆವಿಯಾಗಿ ಬೆಣೆ ಗುಂಡಿನಂತೆ ಹಾರುತ್ತದೆ. 220 ಮಿಲಿಮೀಟರ್ ವ್ಯಾಸದ ಲಾರಿ ಡ್ರಮ್ಮೊಂದನ್ನು ಅಚ್ಚಾಗಿ ನೆಲಕ್ಕೆ ಬಿಗಿದು, ಗ್ಯಾಸಿನ ಬತ್ತಿಯಲ್ಲಿ ಕೆಂಪಾಗಿಸಿ, ಉದ್ದ ತುದಿ ಹಿಡಿದು ನಿಧಾನಕ್ಕೆ ಸುತ್ತು ಹಾಕಿದೆವು. ಬಾಗಿನ ತ್ರಿಜ್ಯ ಟ್ಯೂಬಿನ ವ್ಯಾಸದ ನಾಲ್ಕು ಪಟ್ಟಿಗಿಂತ ಹೆಚ್ಚಾದ್ದರಿಂದ ಎಲ್ಲೂ ಚಪ್ಪಟೆಯಾಗಲಿಲ್ಲ. ಇಂಗ್ಲಿಷಿನ ಯು ಅಕ್ಷರದಂತಹ ಆಕಾರ ಬಂತು; ಬಾಯಿ ಐದಾರು ಮಿಲಿಮೀಟರ್ ಅಗಲವಾಯಿತು, ಅದನ್ನು ತಣ್ಣಗಾದ ಮೇಲೆ ಸಾಶ್ ಕ್ಲಾಂಪಿನಲ್ಲಿ ಎಳೆದು ಸರಿಮಾಡಿದೆ. ತುದಿಯನ್ನು ಹನ್ನೆರಡು ಡಿಗ್ರಿ ಮೇಲಕ್ಕೆತ್ತಿದೆ. ಚಂದಕ್ಕೆಂದು ಎತ್ತಿದ್ದು. ಹಿಂದೆ ಕೂತವರು ಜಾರದಂತೆ ತಡೆಯುವುದೂ ಆ ಎತ್ತರವೇ ಎಂದು ಆಮೇಲೆ ತಿಳಿಯಿತು.

ಬೆಸುಗೆ

ಎರಡು ಕೊಳವೆಗಳನ್ನು ಬಾಯಿಗೆ ಬಾಯಿ ಕೊಟ್ಟು ಸುತ್ತ ಬೆಸೆದರೆ ಆ ಉಂಗುರವೇ ಮುರಿಯುವ ಜಾಗ. ಒಳಗೊಂದು ತೋಳು ಬೇಕು. 22ರ ಸರಳನ್ನು ಲೇತಿನಲ್ಲಿ 21.2ಕ್ಕೆ ಇಳಿಸಿ, ತೂಕ ಕಡಿಮೆಯಾಗಲೆಂದು ನಡುವೆ 12ರ ತೂತು ಕೊರೆಸಿ, 100 ಮಿಲಿಮೀಟರಿನ ಎರಡು ತುಂಡು ಮಾಡಿಸಿದೆ. ಅರ್ಧ ಹಳೆಯದರೊಳಗೆ, ಅರ್ಧ ಹೊಸದರೊಳಗೆ. ಒಳಗೆ ಹೋಗಲೊಲ್ಲದು! ಅಳತೆ ಸರಿ, ಲೇತು ಸರಿ. ನೋಡಿದರೆ ಟ್ಯೂಬಿನ ಒಳಗೋಡೆಯಲ್ಲಿ ಉದ್ದಕ್ಕೂ ಕಾರ್ಖಾನೆಯ ಬೆಸುಗೆಯ ಏಣು. ಪಟ್ಟಿಯನ್ನು ಸುತ್ತಿ ಬೆಸೆದು ಮಾಡುವ ಟ್ಯೂಬಿನಲ್ಲಿ ಅದು ಇದ್ದೇ ಇರುತ್ತದೆ. ಗುಂಡು ಅರದಿಂದ ತಿಕ್ಕಿ ತಿಕ್ಕಿ ಒಂದು ಸಂಜೆ ಅದಕ್ಕೇ ಮೀಸಲಾಯಿತು.

ಕೊಳವೆಗಳ ಬಾಯಿಯನ್ನು ನೇರ ಕತ್ತರಿಸದೆ 45 ಡಿಗ್ರಿ ಓರೆಯಾಗಿ ಕತ್ತರಿಸಿದ್ದೆ, ಬೆಸುಗೆಯೆಲ್ಲ ಒಂದೇ ಅಡ್ಡಗೆರೆಯಲ್ಲಿ ಬರದಿರಲಿ ಎಂದು. ಪ್ರತಿ ಬದಿಗೆ ಎರಡೆರಡು 8 ಮಿಲಿಮೀಟರ್ ತೂತು, ಅವುಗಳ ಮೂಲಕ ಒಳತೋಳಿಗೂ ಬೆಸುಗೆ.

ನಾನು ಫಿಟ್ಟರ್, ವೆಲ್ಡರ್ ಅಲ್ಲ. ಮನೆಯ ಆರ್ಕ್ ಯಂತ್ರದಲ್ಲಿ 2.5ರ ಕಡ್ಡಿ ಹಿಡಿದು ಹಂದಿಗೂಡಿನ ಗೇಟು ಬೆಸೆಯಬಲ್ಲೆ. ಇದಕ್ಕೆ ಗಾಡಿಯನ್ನು ಜಿಗ್ಗು ಸಮೇತ ಗೂಡ್ಸ್ ಆಟೋದಲ್ಲಿ ಹೇರಿಕೊಂಡು ಶಿವಮೊಗ್ಗದ ಆಟೋ ಕಾಂಪ್ಲೆಕ್ಸಿಗೆ, ಮಿಗ್ ಯಂತ್ರವಿರುವ (ಕಡ್ಡಿಯ ಬದಲು ತಂತಿ ತಾನಾಗಿ ಬರುವ ಬೆಸುಗೆಯದು) ಗೆಳೆಯನಲ್ಲಿಗೆ ಒಯ್ದೆ. ಅವನು ಮೊದಲು ಮಾಡಿದ್ದು ನನ್ನ ಅರ್ತ್ ಕ್ಲಾಂಪನ್ನು ಕಿತ್ತದ್ದು. ಎಂಜಿನ್ನಿಗೆ ಹಾಕಿದ್ದೆ. ಅಲ್ಲಿ ಹಾಕಿದರೆ ಕರೆಂಟು ಬೇರಿಂಗುಗಳ ಮೂಲಕ ಹರಿದು ಗುಂಡುಗಳಿಗೆ ಚುಕ್ಕೆ ಬೀಳಿಸುತ್ತದೆ; ಕ್ಲಾಂಪು ಬೆಸುಗೆಯಿಂದ ಗೇಣು ದೂರದಲ್ಲೇ ಇರಬೇಕು. ನಾಲ್ಕು ಕಡೆ ಚುಕ್ಕೆ ಬೆಸುಗೆ ಹಾಕಿ, ನೂಲು ನೋಡಿ, ಎಡಕ್ಕೊಂದು ಸೆಂಟಿಮೀಟರ್, ಬಲಕ್ಕೊಂದು ಸೆಂಟಿಮೀಟರ್ ಹೀಗೆ ಬದಲಿಸುತ್ತ ಬೆಸೆದ. ಕೊನೆಗೆ ರಸಮಟ್ಟ ಇಟ್ಟು, ಓರೆ ಅಳತೆ ಹಿಡಿದರೆ ವ್ಯತ್ಯಾಸ ಒಂದು ಮಿಲಿಮೀಟರ್. ಕಂಪನಿಯಿಂದ ಬಂದಾಗ ಎಷ್ಟಿತ್ತೋ ದೇವರಿಗೇ ಗೊತ್ತು. ಬಿದ್ದ ಮೇಲೆ ಇದ್ದದ್ದಕ್ಕಿಂತ ವಾಸಿ.

ಷಾಕಿನ ಹಿಂದೆ ಎರಡು ಕೊಳವೆಗಳ ನಡುವೆ ಅಡ್ಡಪಟ್ಟಿ, ಮೂಲೆಗಳಿಗೆ 3 ಮಿಲಿಮೀಟರ್ ತಗಡಿನ ತ್ರಿಕೋನ. ಯು ಬಾಗಿನ ತೀರಾ ಕೆಳಗಿನ ಬಿಂದುವಿನಲ್ಲಿ 4 ಮಿಲಿಮೀಟರಿನ ತೂತೊಂದನ್ನು ಬೇಕೆಂದೇ ಬಿಟ್ಟೆ. ನೀರು ಹೇಗೋ ಒಳಗೆ ಹೋಗುತ್ತದೆ, ಹೊರಬರಲು ದಾರಿಯಿರಲಿ. ಬಣ್ಣದ ಬಗ್ಗೆ ಹೇಳುವಂಥದ್ದೇನಿಲ್ಲ: ಸತುವಿನ ಪ್ರೈಮರು, ಮೇಲೆ ಗಟ್ಟಿಕಾರಕ ಬೆರೆಸಿ ಹೊಡೆಯುವ ಕಪ್ಪು ಟೂ-ಕೆ ಬಣ್ಣ, ಒಳಗೆ ಹಳೆಯ ಎಂಜಿನ್ ಆಯಿಲ್ ಸುರಿದು ಅಲುಗಿಸಿ ಚೆಲ್ಲಿದೆ.

ಚಕ್ರ ಎಲ್ಲಿಯವರೆಗೆ ಏರುತ್ತದೆ

ಷಾಕುಗಳನ್ನು ಬಿಚ್ಚಿ, ಸ್ಪ್ರಿಂಗು ತೆಗೆದು, ದಂಡವನ್ನು ರಬ್ಬರಿಗೆ ತಾಗುವವರೆಗೆ ಒತ್ತಿದಾಗ ಉಳಿಯುವ ಉದ್ದವನ್ನು ಅಳೆದೆ. ಅಷ್ಟೇ ದೂರದಲ್ಲಿ ಎರಡು ತೂತು ಕೊರೆದ ಪಟ್ಟಿಯನ್ನು ಷಾಕಿನ ಜಾಗದಲ್ಲಿ ಬಿಗಿದರೆ ಚಕ್ರ ತನ್ನ ಅತಿ ಎತ್ತರದಲ್ಲಿ ನಿಲ್ಲುತ್ತದೆ. ಹೊಸ ಬಾಗಿಗೂ 2.75-18ರ ಟೈರಿಗೂ ನಡುವೆ 38 ಮಿಲಿಮೀಟರ್. ಧಾರಾಳ. ಅದರೊಳಗೆ ತಗಡಿನ ಒಳಮಡ್‌ಗಾರ್ಡು ಕೂರಿಸಿದರೆ 20 ಉಳಿಯಿತು. ಸರಿ ಎಂದು ಎಲ್ಲ ಮುಚ್ಚಿದೆ.

ಮಡ್‌ಗಾರ್ಡು ಬೇಡವೆಂದವರು ಬೇಸಗೆಯಲ್ಲಿ ಗಾಡಿ ಕಟ್ಟಿದವರು. ಈ ಕಡೆ ಜೂನಿನಲ್ಲಿ ಅದಿಲ್ಲದೆ ಹೊರಟರೆ ಹಿಂದೆ ಕೂತವರ ಬೆನ್ನಿನ ಮೇಲೆ ಕೆಸರಿನ ನಾಮ ಎದ್ದು ನಿಲ್ಲುತ್ತದೆ. ತೆಗೆಯುವುದಕ್ಕಿಂತ ಅದನ್ನು ಬಾಗಿನ ಒಳಗೆ ಕಾಣದಂತೆ ತುರುಕುವುದೇ ಈ ಕೆಲಸದ ಕಷ್ಟದ ಭಾಗ, ಹೆಚ್ಚು ಹೊತ್ತು ಹಿಡಿದದ್ದೂ ಅದೇ. ಹಳೆಯ ಮಡ್‌ಗಾರ್ಡನ್ನೇ ಕೊರೆದು, ಅಂಚು ಮಡಿಸಿ, ನಾಲ್ಕು ರಬ್ಬರ್ ಬುಷ್ಷಿನ ಮೇಲೆ ತೂಗುಹಾಕಿದೆ. ಫ್ರೇಮಿಗೂ ಅದಕ್ಕೂ ನಡುವೆ ಬೆರಳು ಆಡುವಷ್ಟು ಸಂದು ಬಿಟ್ಟೆ. ಈ ಸಲ ಮಣ್ಣು ಕೂತರೆ ಪೈಪು ಹಿಡಿದು ತೊಳೆಯಬಹುದು. ಸೀರೆ ಗಾರ್ಡ್ ಮತ್ತು ಚೈನಿನ ಪೂರ್ತಿ ಮುಚ್ಚಳ ಮೂಲದವೇ ಇವೆ. ಚೈನು ಮುಚ್ಚಳವನ್ನು ಗೆಳೆಯರು ತೆಗೆಸಲು ನೋಡಿದರು. ನಮ್ಮ ಕೆಸರಿನಲ್ಲಿ ಚೈನು ವರ್ಷಗಟ್ಟಲೆ ಬಾಳುವುದು ಅದರಿಂದ.

ಸೀಟು: 1 ಮಿಲಿಮೀಟರ್ ತಗಡಿನ ತಳ, ಮುಂದೆ 30 ಮಿಲಿಮೀಟರ್, ಹಿಂದೆ 55 ಮಿಲಿಮೀಟರ್ ಫೋಮು. ಫೋಮಿನ ಚೂರು ಒತ್ತಿ ಮಾಡಿದ ಗಟ್ಟಿ ರೀಬಾಂಡ್ ಕೆಳಗೆ, ಮೆತ್ತನೆಯದು ಮೇಲೆ. ಮೇಲುಗೆರೆ ನೆಲಕ್ಕೆ ಸಮ, ಕೆಳಗೆರೆ ಟ್ಯಾಂಕಿನ ಅಂಚಿಗೆ ಸಮ. ಬಟರ್ ಪೇಪರಿನಲ್ಲಿ ಎಳೆದ ಗೆರೆಯನ್ನು ಮೊದಲ ಬಾರಿ ಕಬ್ಬಿಣದಲ್ಲಿ ಕಂಡದ್ದು ಆಗ. ಆ ಸಂಜೆ ಏನೂ ಕೆಲಸ ಮಾಡದೆ ಕಾಫಿ ಹಿಡಿದು ಗಾಡಿಯ ಸುತ್ತ ಸುತ್ತಿದೆ. ಹಿಡಿಕೆಗೆ ಯು ಬಾಗನ್ನೇ ಎರಡು ಬೆರಳು ಹೊರಗೆ ಬಿಟ್ಟಿದ್ದೇನೆ, ಎರಡೂ ಕಡೆ ಕೈ ಹಿಡಿಯಲು ಬರುತ್ತದೆ.

ದೀಪಗಳ ಕಿರಿಕಿರಿ

ಬಾಗಿನ ಹಿಂಬದಿಗೆ ಎಲ್‌ಇಡಿ ಪಟ್ಟಿ ಕೂರಿಸಿ ಹಳೆಯ ಕಂದು ತಂತಿಗೆ ಜೋಡಿಸಿದೆ. ಐಡ್ಲಿಂಗಿನಲ್ಲಿ ಮಿಣುಕು ಹುಳದ ಹಾಗೆ ನಡುಗಿತು. ಈ ಗಾಡಿಯಲ್ಲಿ ಹೆಡ್‌ಲೈಟು ಮತ್ತು ಟೇಲ್ ಲೈಟು ಉರಿಯುವುದು ಬ್ಯಾಟರಿಯಿಂದಲ್ಲ, ಎಂಜಿನ್ ತಿರುಗಿದಾಗ ಹುಟ್ಟುವ ಎಸಿ ಕರೆಂಟಿನಿಂದ. ಬಲ್ಬಿನ ತಂತಿಗೆ ಅದು ನಡೆಯುತ್ತದೆ, ಎಲ್‌ಇಡಿ ಮಾತ್ರ ಅರ್ಧ ಅಲೆಗೆ ಉರಿದು ಅರ್ಧಕ್ಕೆ ಆರುತ್ತದೆ. ಟೇಲ್ ಲೈಟನ್ನು ಕೀಲಿಯ ನಂತರದ ಕಪ್ಪು ತಂತಿಗೆ ಬದಲಿಸಿದೆ. ಬ್ಯಾಟರಿ ಚಿಕ್ಕದಾದರೂ ಈ ಪಟ್ಟಿ ಎಳೆಯುವುದು ಅಲ್ಪ. ಬ್ರೇಕಿನದು ಹಸಿರು-ಹಳದಿ, ಅದು ಮೊದಲೇ ಡಿಸಿ. ಬರಿಯ ಹಸಿರು ತಂತಿ ಹೋಂಡಾ ಪದ್ಧತಿಯಲ್ಲಿ ಅರ್ತ್, ಅದಕ್ಕೆ ಕರೆಂಟು ಕೊಟ್ಟು ಫ್ಯೂಸು ಸುಟ್ಟುಕೊಂಡೆ. ಇಂಡಿಕೇಟರುಗಳನ್ನು ಚಿಕ್ಕವಕ್ಕೆ ಬದಲಿಸಿದಾಗ ಅವು ಮಿನುಗಲೇ ಇಲ್ಲ. ಅವನ್ನು ಮಿನುಗಿಸುವ ಹಳೆಯ ಫ್ಲಾಷರ್ ಹತ್ತು ವಾಟಿನ ಬಲ್ಬುಗಳ ಭಾರ ಇದ್ದರೆ ಮಾತ್ರ ಕೆಲಸ ಮಾಡುವಂಥದು. ಎಲೆಕ್ಟ್ರಾನಿಕ್ ಫ್ಲಾಷರ್ ಹಾಕಿದ ಮೇಲೆ ಸರಿಹೋಯಿತು. ಕೆಂಪು ರಿಫ್ಲೆಕ್ಟರನ್ನು ನಂಬರ್ ಪ್ಲೇಟಿನ ಮೇಲೆ ಉಳಿಸಿದ್ದೇನೆ.

ಓಡಿಸಿದ ಮೇಲೆ

ಮೊದಲು ಒಬ್ಬನೇ, ಆಮೇಲೆ ಸೀಟಿನ ಹಿಂಬದಿಗೆ ಅಡಿಕೆ ಮೂಟೆ ಕಟ್ಟಿ, ಕೊನೆಗೆ ಗೆಳೆಯನನ್ನು ಕೂರಿಸಿಕೊಂಡು ಮಂಡಗದ್ದೆ, ಗಾಜನೂರು ದಾಟಿ ಶಿವಮೊಗ್ಗಕ್ಕೆ. ತುಂಗೆಯ ಪಕ್ಕದ ಆ ಅರವತ್ತು ಚಿಲ್ಲರೆ ಕಿಲೋಮೀಟರಿನಲ್ಲಿ ಸಕ್ರೆಬೈಲಿನ ಹತ್ತಿರದ ಉಬ್ಬುಗಳು ಒಳ್ಳೆಯ ಪರೀಕ್ಷಕರು. ಬೆಸುಗೆಗೆ ಸುಣ್ಣದ ನೀರು ಬಳಿದಿದ್ದೆ, ಬಿರುಕು ಬಿಟ್ಟರೆ ಬಿಳಿಯಲ್ಲಿ ಕಪ್ಪುಗೆರೆ ಕಾಣುತ್ತದೆ. ಕಾಣಲಿಲ್ಲ.

ಆದರೆ ಮೂರನೆಯ ವಾರ ಗುಂಡಿಗೆ ಬಿದ್ದಾಗಲೆಲ್ಲ ಹಿಂದಿನಿಂದ ಕರ್ರ್ ಎನ್ನತೊಡಗಿತು. ಟೈರು ಒಳಮಡ್‌ಗಾರ್ಡಿಗೆ ತಾಗುತ್ತಿತ್ತು. ಇಪ್ಪತ್ತು ಮಿಲಿಮೀಟರ್ ಎಲ್ಲಿ ಹೋಯಿತು? ಅಳೆದ ದಿನ ಚೈನು ಹೊಸದು, ಚಕ್ರದ ಅಚ್ಚು ಸ್ವಿಂಗ್ ಆರ್ಮಿನ ಸೀಳಿನ ಮುಂತುದಿಯಲ್ಲಿತ್ತು. ಆಮೇಲೆ ಚೈನು ಎಳೆದುಕೊಂಡಿತು, ಬಿಗಿ ಮಾಡಿದೆ, ಚಕ್ರ ಹಿಂದಕ್ಕೆ ಸರಿಯಿತು. ಚಕ್ರ ಹಿಂದೆ ಸರಿದಷ್ಟೂ ಬಾಗಿನ ಕಡೆಗೇ ಏರುತ್ತದೆ. ಅಚ್ಚನ್ನು ಸೀಳಿನ ಎರಡೂ ತುದಿಗಳಲ್ಲಿ ಇಟ್ಟು ಅಳೆಯಬೇಕಿತ್ತು. ಮಡ್‌ಗಾರ್ಡಿನ ಹಿಂದಿನ ಬುಷ್ಷುಗಳನ್ನು ಗಿಡ್ಡ ಮಾಡಿ 12 ಮಿಲಿಮೀಟರ್ ಮೇಲೆತ್ತಿದೆ. ಹೊರಗಿನಿಂದ ಈಗ ಅಂಚು ಕೂದಲೆಳೆಯಷ್ಟು ಕಾಣುತ್ತದೆ, ನನಗೆ ಮಾತ್ರ.

ನಂಬರ್ ಪ್ಲೇಟನ್ನು ಸ್ವಿಂಗ್ ಆರ್ಮಿನಿಂದ ತೋಳು ಎಳೆದು ಕೂರಿಸಿದ್ದು ಪೂರಾ ತಪ್ಪು. ಅಲ್ಲಿ ಸ್ಪ್ರಿಂಗಿನ ರಕ್ಷಣೆಯಿಲ್ಲ, ರಸ್ತೆಯ ಪ್ರತಿ ಕಲ್ಲೂ ನೇರ ಪ್ಲೇಟಿಗೆ. ಸುಮಾರು ನಾನೂರು ಕಿಲೋಮೀಟರಿನಲ್ಲಿ ತೋಳಿನ ಬುಡದಲ್ಲಿ ಬಿರುಕು. ಪ್ಲೇಟು ಬಿದ್ದುಹೋಗಿದ್ದರೆ ಸ್ನ್ಯಾಪ್ ಲಾಕಿನ ಆ ಹೊಸ ಹೈ ಸೆಕ್ಯುರಿಟಿ ಪ್ಲೇಟನ್ನು ಮತ್ತೆ ಪಡೆಯಲು ಅಲೆಯಬೇಕಿತ್ತು. ಬಾಗಿನ ಕೆಳಗೆ ಮಡ್‌ಗಾರ್ಡಿನ ತುದಿಗೇ ಅದನ್ನು ತಂದೆ. ಗೆರೆ ಸ್ವಲ್ಪ ಕೆಟ್ಟಿತು, ಒಪ್ಪಿಕೊಂಡೆ.

ಕತ್ತರಿಸಿ ತೆಗೆದ ಬಾಲ, ಹಳೆಯ ಹಿಡಿಕೆ, ಟೇಲ್ ಲ್ಯಾಂಪು ಎಲ್ಲ ಅಟ್ಟದಲ್ಲಿ ಗೋಣಿಯಲ್ಲಿವೆ. ತಪಾಸಣೆಯ ದಿನ ಯಾರಾದರೂ ಕೇಳಿದರೆ ತೋರಿಸಲು ಏನಾದರೂ ಇರಲಿ. ತೂಗಿದಾಗ ಹಳೆಯದಕ್ಕೂ ಹೊಸದಕ್ಕೂ ಒಟ್ಟು ವ್ಯತ್ಯಾಸ ಎರಡು ಕಿಲೋ ಚಿಲ್ಲರೆ. ಮೈಲೇಜು ಹೆಚ್ಚಿತೇ ಎಂದು ಕೇಳುವವರಿಗೆ ಇಲ್ಲ ಎಂದೇ ಹೇಳುತ್ತೇನೆ.

ಹೆಂಡತಿ ಮೊದಲ ದಿನ ಗಾಡಿಯ ಸುತ್ತ ಒಂದು ಸುತ್ತು ಬಂದು, ಕೂತು, ಹಿಡಿಕೆ ಹಿಡಿದು ನೋಡಿ, ಗಟ್ಟಿಯಾಗಿದೆ ಎಂದಳು. ಶಾಲೆಯಿಂದ ಬರುವಾಗ ಸಂತೆಯ ಚೀಲ ಎರಡು. ಹಳೆಯ ಹಿಡಿಕೆಯ ಪಕ್ಕದಲ್ಲಿ ಚೀಲ ತೂಗುಹಾಕಲು ಬಾಗಿದ ಕಂಬಿಯೊಂದಿತ್ತು, ನಾನೇ ಹಿಂದೆ ಯಾವಾಗಲೋ ಬೆಸೆದದ್ದು. ಬಟರ್ ಪೇಪರಿನ ಮೇಲೆ ಅದು ಇರಲೇ ಇಲ್ಲ. ಸೌತೆಕಾಯಿ ತೊಡೆಯ ಮೇಲಿಟ್ಟುಕೊಂಡು ಬಂದಳು. ಮುಂದಿನ ಭಾನುವಾರ 6 ಮಿಲಿಮೀಟರ್ ಸರಳಿನಲ್ಲಿ ಒಂದು ಕೊಕ್ಕೆ ಮಾಡಬೇಕು. ಎಡ ಷಾಕಿನ ಬೋಲ್ಟಿನ ಹಿಂದೆ, ಪಕ್ಕದಿಂದ ಕಾಣದಂತೆ, ಜಾಗ ಗುರುತು ಮಾಡಿಟ್ಟಿದ್ದೇನೆ.